ಗಾಡಿ ತೊಳೆಯಬೇಡಿ ಅಂತ ಜಾಬ್ ಕಾರ್ಡಿನಲ್ಲೇ ಬರೆಸಿದೆ

ಡೀಸೆಲ್ ಕಾರು ಇಟ್ಟುಕೊಂಡವರಿಗೆ ಈಗ ಡಿಪಿಎಫ್ (ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್) ಅಂದರೆ ಸಾಕು, ತಲೆ ಬಿಸಿಯಾಗುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್‌6 ಮಾಲಿನ್ಯ ನಿಯಮ ಬಂದ ಮೇಲೆ ಹೊಸ ಡೀಸೆಲ್ ಕಾರುಗಳಲ್ಲಿ ಹೊಗೆ ಹೋಗುವ ದಾರಿಯಲ್ಲೇ ಈ ಫಿಲ್ಟರ್ ಕೂತಿದೆ. ಹೊಗೆಯಲ್ಲಿರುವ ಮಸಿಯನ್ನು ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. ಮಸಿ ಜಾಸ್ತಿ ಆದಾಗ ಇಂಜಿನ್ ತಾನೇ ಸ್ವಲ್ಪ ಹೆಚ್ಚು ಡೀಸೆಲ್ ಬಿಟ್ಟು, ಫಿಲ್ಟರನ್ನು ಸುಮಾರು 600 ಡಿಗ್ರಿವರೆಗೆ ಕಾಯಿಸಿ, ಮಸಿಯನ್ನು ಸುಟ್ಟು ಹಾಕುತ್ತದೆ. ಇದಕ್ಕೆ ರೀಜೆನರೇಷನ್ ಎನ್ನುತ್ತಾರೆ. ಸರ್ವಿಸ್ ಸೆಂಟರಿನ ಹುಡುಗರ ಬಾಯಲ್ಲಿ ಅದು ‘ರೀಜನ್’. ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿಸಿದರೆ ಸಲೀಸಾಗಿ ಆಗಿಹೋಗುತ್ತದೆ. ಊರೊಳಗೇ ಸುತ್ತುವ ಗಾಡಿಗೆ ಕಷ್ಟ.

ನನ್ನ ಮನೆ ಬಳ್ಳಾರಿಯಲ್ಲಿ, ಕೆಲಸ ತೋರಣಗಲ್ಲಿನ ಕಡೆ. ದಿನಾ ರಾಷ್ಟ್ರೀಯ ಹೆದ್ದಾರಿ 67ರಲ್ಲಿ ಹೋಗಿ ಬರಬೇಕು, ಒಂದು ಕಡೆಗೇ ಮೂವತ್ತು ಕಿಲೋಮೀಟರ್ ಹತ್ತಿರ. ಡಿಪಿಎಫ್‌ಗೆ ಇದಕ್ಕಿಂತ ಒಳ್ಳೆ ದಾರಿ ಬೇಕಾ? ಆದರೂ ಒಂದು ಬೇಸಿಗೆಯಲ್ಲಿ ಡಿಪಿಎಫ್ ಲೈಟು ಹತ್ತಿತು. ಓಡಿಸಿದೆ, ರೀಜನ್ ಆಯಿತು, ಲೈಟು ಆರಿತು. ಕೆಲವೇ ದಿನಕ್ಕೆ ಮತ್ತೆ ಹತ್ತಿತು. ಆಮೇಲೊಂದು ಮಧ್ಯಾಹ್ನ ಕುಡತಿನಿ ದಾಟಿದ ಮೇಲೆ ಅದಿರು ಲಾರಿಯೊಂದನ್ನು ಹಿಂದೆ ಹಾಕಲು ಬಲಕ್ಕೆ ತಗೊಂಡೆ. ಪೆಡಲು ಪೂರ್ತಿ ತುಳಿದರೂ ಗಾಡಿ ಏಳಲಿಲ್ಲ. ಮೀಟರಿನಲ್ಲಿ ಇಂಜಿನ್ ಚೆಕ್ ಲೈಟು ಬಂತು. ಹಿಂದಿನ ಟಿಪ್ಪರಿನವನು ಹಾರ್ನ್ ಮೇಲಿಂದ ಕೈ ತೆಗೆಯಲೇ ಇಲ್ಲ. ಬದಿಗೆ ನಿಲ್ಲಿಸಿ, ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗಿಯೇ ಇಲ್ಲ ಅನ್ನೋ ಹಾಗೆ ಓಡಿತು.

ಇಂಥ ತೊಂದರೆಯೇ ಎಲ್ಲಕ್ಕಿಂತ ಕೆಟ್ಟದ್ದು. ಗಾಡಿ ಪೂರ್ತಿ ಕೆಟ್ಟು ನಿಂತರೆ ಯಾರಾದರೂ ನಂಬುತ್ತಾರೆ. ಬಂದು ಹೋಗುವ ತೊಂದರೆಯನ್ನು ಶೋರೂಮಿನವರು ನಂಬುವುದಿಲ್ಲ. ‘ನಾವು ಓಡಿಸಿ ನೋಡಿದ್ವಿ ಸಾರ್, ಏನೂ ಇಲ್ಲ’ ಅನ್ನುತ್ತಾರೆ. ಅವರು ಓಡಿಸುವುದು ಬೆಳಗ್ಗೆ ತಂಪು ಹೊತ್ತಿನಲ್ಲಿ, ಗೇಟಿನಿಂದ ಸರ್ಕಲ್‌ವರೆಗೆ, ಏಸಿ ಇಲ್ಲದೆ, ಒಬ್ಬನೇ ಕೂತು.

ಮೊದಲ ಸಲ ಸ್ಕ್ಯಾನರ್ ಹಾಕಿದಾಗ ಎರಡು ಕೋಡ್ ಬಂದಿದ್ದವು. ಪಿ2463 ಮತ್ತು ಪಿ0299. ನಾನು ಪಕ್ಕದಲ್ಲೇ ನಿಂತು ಆ ಪರದೆಯ ಫೋಟೊ ತೆಗೆದುಕೊಂಡೆ. ಆಮೇಲೆ ನನ್ನ ಕೈ ಹಿಡಿದದ್ದು ಈ ಫೋಟೊನೇ. ಮೊದಲನೆಯದರ ಅರ್ಥ ಡಿಪಿಎಫ್‌ನಲ್ಲಿ ಮಸಿ ಕಟ್ಟಿಕೊಂಡಿದೆ ಅಂತ. ಎರಡನೆಯದು, ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊದ ಒತ್ತಡ ಬೇಕಾದ್ದಕ್ಕಿಂತ ಕಡಿಮೆ ಬರುತ್ತಿದೆ ಅಂತ. ಶೋರೂಮಿನವರ ಕಣ್ಣಿಗೆ ಬಿದ್ದದ್ದು ಮೊದಲನೆಯದು ಮಾತ್ರ. ‘ಡಿಪಿಎಫ್ ಬ್ಲಾಕ್ ಆಗಿದ್ದಕ್ಕೇ ಟರ್ಬೊ ಕೋಡ್ ಬಂದಿದೆ’ ಅಂದು ಎರಡನ್ನೂ ಅಳಿಸಿದರು. ಡಿಪಿಎಫ್‌ನ ಆಚೆ ಈಚೆ ಒತ್ತಡ ಅಳೆಯುವ ಸೆನ್ಸರ್ ಬದಲಿಸಿದರು. ಬಿಲ್ ನನ್ನದು. ಯಾರ್ಡಿನಲ್ಲಿ ನಿಲ್ಲಿಸಿಕೊಂಡೇ ಸ್ಕ್ಯಾನರ್‌ನಿಂದ ರೀಜನ್ ಮಾಡಿದರು. ಚೆನ್ನಾಗಿ ನೀರು ಹೊಡೆದು, ಬಾನೆಟ್ ಒಳಗೂ ತೊಳೆದು, ಟೈರಿಗೆ ಪಾಲಿಶ್ ಹಚ್ಚಿ ಕೊಟ್ಟರು.

ಮತ್ತೆ ಬಂತು. ಈ ಸಲ ಹೊಗೆಯ ಸ್ವಲ್ಪ ಭಾಗವನ್ನು ಮತ್ತೆ ಇಂಜಿನ್‌ಗೆ ಬಿಡುವ ಇಜಿಆರ್ ವಾಲ್ವ್ ಬಿಚ್ಚಿ ಕ್ಲೀನ್ ಮಾಡಿದರು. ಮತ್ತೆ ಬಂತು. ಆಗ ಅಡ್ವೈಸರ್ ಹುಡುಗ ತಲೆ ಕೆರೆದುಕೊಂಡು ಎಸ್ಟಿಮೇಟ್ ಕೈಗಿಟ್ಟ. ಹೊಸ ಡಿಪಿಎಫ್, ಲಕ್ಷ ದಾಟಿತ್ತು. ದುಡ್ಡು ಕಟ್ಟಿ ತಗೊಂಡ ಎಕ್ಸ್‌ಟೆಂಡೆಡ್ ವಾರಂಟಿ ಇತ್ತಲ್ಲ ಅಂದೆ. ‘ಅದು ಬಳಕೆಯಿಂದ ಆದ ತೊಂದರೆ ಸಾರ್, ವಾರಂಟಿಗೆ ಬರಲ್ಲ. ನೀವು ಸಿಟಿಯಲ್ಲೇ ಜಾಸ್ತಿ ಓಡಿಸ್ತೀರಿ.’

‘ನಾನು ದಿನಾ ತೋರಣಗಲ್ಲಿಗೆ ಹೋಗಿ ಬರ್ತೀನಪ್ಪ. ಓಡೋಮೀಟರ್ ನೋಡು, ಮೊದಲ ಸರ್ವಿಸ್‌ನಿಂದ ನಿಮ್ಮಲ್ಲೇ ಲೆಕ್ಕ ಇದೆ. ಸಿಟಿಯಲ್ಲಿ ಇಷ್ಟು ಓಡುತ್ತಾ?’

ಅವನ ಹತ್ತಿರ ಉತ್ತರ ಇರಲಿಲ್ಲ. ಪಾಪ, ಅವನದೂ ತಪ್ಪಲ್ಲ. ಅಡ್ವೈಸರ್ ಅಂದರೆ ಮೆಕ್ಯಾನಿಕ್ ಅಲ್ಲ. ಒಳಗಿನವರು ಹೇಳಿದ್ದನ್ನು ಹೊರಗೆ ಬಂದು ಹೇಳುವವನು. ಅವನ ಮೇಲೆ ಕೂಗಾಡಿದರೆ ಗಾಡಿ ರೆಡಿಯಾಗುವುದಿಲ್ಲ. ನಾನು ಒಂದೇ ಕೇಳಿದೆ. ವಾರಂಟಿ ಯಾಕೆ ಬರಲ್ಲ ಅನ್ನುವುದನ್ನು ಲೆಟರ್‌ಹೆಡ್‌ನಲ್ಲಿ ಬರೆದು, ಮ್ಯಾನೇಜರ್ ಸಹಿ ಹಾಕಿಸಿ ಕೊಡು ಅಂದೆ. ಬಾಯಲ್ಲಿ ಆಗಲ್ಲ ಅನ್ನುವವರು ಕಾಗದದಲ್ಲಿ ಅನ್ನಲು ಹಿಂದೆ ಮುಂದೆ ನೋಡುತ್ತಾರೆ. ಆ ಲೆಟರ್ ಕೊನೆಗೂ ಬರಲಿಲ್ಲ. ಎಸ್ಟಿಮೇಟ್‌ಗೆ ನಾನೂ ಸಹಿ ಹಾಕಲಿಲ್ಲ. ಗಾಡಿ ವಾಪಸ್ ತಂದೆ.

ಇನ್ನೊಂದು ವಿಷಯ ಹೇಳಬೇಕು. ಅದೇ ವಾರ ಮನೆ ಮುಂದೆ ಆಯಿಲ್ ಕಡ್ಡಿ ಎಳೆದು ನೋಡಿದೆ. ಆಯಿಲ್ ಮೇಲಿನ ಗೆರೆಯನ್ನೂ ದಾಟಿತ್ತು. ಯಾರೂ ಆಯಿಲ್ ಹಾಕಿಲ್ಲ, ಹೇಗೆ ಏರುತ್ತದೆ? ಬೆರಳಿಗೆ ಹಚ್ಚಿ ಮೂಸಿದರೆ ಡೀಸೆಲ್ ವಾಸನೆ. ರೀಜನ್ ಅರ್ಧಕ್ಕೆ ನಿಲ್ಲುತ್ತಾ ಹೋದರೆ ಹೆಚ್ಚಿಗೆ ಬಿಟ್ಟ ಡೀಸೆಲ್ ಸುಡದೆ ಸಿಲಿಂಡರ್ ಗೋಡೆಯಿಂದ ಕೆಳಗೆ ಜಾರಿ ಆಯಿಲ್‌ಗೆ ಸೇರುತ್ತದೆ. ಆಯಿಲ್ ತೆಳ್ಳಗಾಗುತ್ತದೆ. ಹಾಗೇ ಓಡಿಸಿದರೆ ಬೇರಿಂಗ್, ಟರ್ಬೊ ಎರಡಕ್ಕೂ ಕುತ್ತು. ಬಿಎಸ್‌6 ಡೀಸೆಲ್ ಗಾಡಿಯಲ್ಲಿ ಆಯಿಲ್ ಕಡಿಮೆಯಾಗಿದೆಯಾ ಅಂತ ಮಾತ್ರ ಅಲ್ಲ, ಏರಿದೆಯಾ ಅಂತಲೂ ನೋಡಬೇಕು. ಕಡ್ಡಿಯ ಫೋಟೊ ತೆಗೆದಿಟ್ಟೆ.

ಕೌಲ್ ಬಜಾರ್ ಕಡೆ ನನಗೆ ಪರಿಚಯದ ಮೆಕ್ಯಾನಿಕ್ ಒಬ್ಬರಿದ್ದಾರೆ. ವಯಸ್ಸಾದವರು, ಲಾರಿ ಕೆಲಸ ಮಾಡಿ ಮಾಡಿ ಪಳಗಿದ ಕೈ. ಗಾಡಿ ಬಿಚ್ಚಲು ಅವರ ಹತ್ತಿರ ಒಯ್ಯಲಿಲ್ಲ. ಹೊರಗಡೆ ಬಿಚ್ಚಿಸಿದ್ದಾರೆ ಅನ್ನುವ ನೆಪ ಸಿಕ್ಕರೆ ವಾರಂಟಿ ಕೈ ಬಿಡುತ್ತಾರೆ. ಬರೀ ನೋಡಿ ಹೇಳಿ ಅಣ್ಣ ಅಂದೆ. ಬಾನೆಟ್ ಎತ್ತಿದರು. ಒಳಗೆ ಫಳಫಳ ಹೊಳೆಯುತ್ತಿತ್ತು. ಅವರ ಮುಖ ಕಿವುಚಿಕೊಂಡಿತು.

‘ಗಾಡಿ ತೊಳೆಸ್ಕೊಂಡು ಬಂದೀರಲ್ಲ ಸಾರ್, ಈಗ ನಾನು ಏನು ನೋಡ್ಲಿ?’

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಟರ್ಬೊದಿಂದ, ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಇಂಜಿನ್‌ಗೆ ಹೋಗುವ ದಪ್ಪ ರಬ್ಬರ್ ಪೈಪುಗಳಲ್ಲಿ ಬರೀ ಗಾಳಿ ಇರುವುದಿಲ್ಲ, ಗಾಳಿ ಜೊತೆ ಆಯಿಲ್‌ನ ಸಣ್ಣ ಹಬೆಯೂ ಇರುತ್ತದೆ. ಪೈಪು ಎಲ್ಲಾದರೂ ಸೀಳಿದ್ದರೆ, ಕ್ಲಾಂಪ್ ಸಡಿಲವಾಗಿದ್ದರೆ, ಅಲ್ಲಿಂದ ಆ ಹಬೆ ಹೊರಗೆ ಬರುತ್ತದೆ. ನಮ್ಮ ಕಡೆ ರಸ್ತೆ ತುಂಬ ಅದಿರಿನ ಕೆಂಪು ಧೂಳು. ಅದು ಬಂದು ಆ ಎಣ್ಣೆ ಜಾಗಕ್ಕೇ ಅಂಟುತ್ತದೆ. ‘ಹದಿನೈದು ದಿನ ತೊಳೀಬೇಡಿ. ಲೀಕ್ ಎಲ್ಲಿದೆ ಅಂತ ಧೂಳೇ ತೋರಿಸುತ್ತೆ’ ಅಂದರು.

ಗಾಳಿ ಸೋರಿದರೆ ಮಸಿ ಯಾಕೆ ಜಾಸ್ತಿ ಆಗುತ್ತದೆ ಅನ್ನುವುದೂ ಆಗ ತಲೆಗೆ ಹತ್ತಿತು. ಇಂಜಿನ್‌ಗೆ ಬೇಕಾದಷ್ಟು ಗಾಳಿ ಸಿಗದೆ ಇದ್ದರೆ ಡೀಸೆಲ್ ಪೂರ್ತಿ ಸುಡುವುದಿಲ್ಲ. ಗಾಳಿ ಕಟ್ಟಿದ ಒಲೆ ಹೊಗೆ ಕಕ್ಕಿದ ಹಾಗೆ. ಮೊದಲೆಲ್ಲ ಆ ಕಪ್ಪು ಹೊಗೆ ಸೈಲೆನ್ಸರ್‌ನಿಂದ ಹೊರಗೆ ಬಂದು ಕಣ್ಣಿಗೆ ಕಾಣುತ್ತಿತ್ತು. ಈಗ ಡಿಪಿಎಫ್ ಅದನ್ನು ನುಂಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಫಿಲ್ಟರ್ ತುಂಬುತ್ತದೆ, ಬೈಗುಳ ಫಿಲ್ಟರ್‌ಗೇ. ಈ ಸ್ಥಿತಿಯಲ್ಲಿ ಲಕ್ಷ ಕೊಟ್ಟು ಹೊಸದು ಹಾಕಿದ್ದರೆ ಅದೂ ತುಂಬುತ್ತಿತ್ತು.

ಅಲ್ಲಿಂದ ಫೋನ್ ಮಾಡುವುದನ್ನು ಬಿಟ್ಟು ಎಲ್ಲವನ್ನೂ ಇಮೇಲ್‌ನಲ್ಲಿ ಶುರು ಮಾಡಿದೆ. ಕಂಪನಿಯ ಗ್ರಾಹಕ ವಿಭಾಗಕ್ಕೆ ಒಂದು, ಅದರ ಪ್ರತಿ ಶೋರೂಮಿಗೆ. ಉದ್ದ ಪುರಾಣ ಬರೆಯಲಿಲ್ಲ. ಯಾವ ದಿನ, ಎಷ್ಟು ಕಿಲೋಮೀಟರ್‌ಗೆ, ಏನು ತೊಂದರೆ, ಅವರು ಏನು ಬದಲಿಸಿದರು, ಎಷ್ಟು ಬಿಲ್ ಮಾಡಿದರು. ಇಷ್ಟೇ. ಜಾಬ್ ಕಾರ್ಡ್ (ಗಾಡಿ ಬಿಡುವಾಗ ಶೋರೂಮಿನವರು ದೂರು ಬರೆದುಕೊಳ್ಳುವ ಕಾಗದ), ಬಿಲ್ಲು, ಸ್ಕ್ಯಾನರ್ ಫೋಟೊ, ಆಯಿಲ್ ಕಡ್ಡಿ ಫೋಟೊ ಲಗತ್ತಿಸಿದೆ. ಕೊನೆಗೆ ಒಂದೇ ಪ್ರಶ್ನೆ ಇಟ್ಟೆ: ಮೊದಲ ದಿನವೇ ಪಿ0299 ಬಂದಿತ್ತು, ಅದಕ್ಕೆ ಇಲ್ಲಿಯವರೆಗೆ ಯಾವ ಪರೀಕ್ಷೆ ಮಾಡಿದ್ದೀರಿ?

ಜೊತೆಗೆ 1915ಕ್ಕೂ ಫೋನ್ ಮಾಡಿ ದೂರು ಕೊಟ್ಟೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕೋರ್ಟ್ ಅಲ್ಲ, ಆದೇಶ ಮಾಡುವುದಿಲ್ಲ. ಆದರೆ ದೂರನ್ನು ಕಂಪನಿಗೆ ಕಳಿಸುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದ್ದೇ ಇದೆ. 2019ರ ಗ್ರಾಹಕರ ರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಇದರಲ್ಲಿ ನಮ್ಮಂಥವರಿಗೆ ಬಹಳ ಅನುಕೂಲದ ಮಾತೊಂದಿದೆ. ಕಂಪನಿ ಎಲ್ಲೇ ಇರಲಿ, ನಾವು ವಾಸ ಮಾಡುವ ಊರಿನಲ್ಲೇ ದೂರು ಹಾಕಬಹುದು. ನಾವು ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗವೇ ಸಾಕು. ತೊಂದರೆ ಆದ ಎರಡು ವರ್ಷದೊಳಗೆ ಹಾಕಬೇಕು. ಕೆಟ್ಟ ಕಾರನ್ನು ವಾಪಸ್ ತಗೊಳ್ಳಲೇಬೇಕು ಅನ್ನುವ ಪ್ರತ್ಯೇಕ ಕಾನೂನು ನಮ್ಮ ದೇಶದಲ್ಲಿ ಇಲ್ಲ, ಏನಿದ್ದರೂ ಈ ಕಾಯ್ದೆಯೇ. ನಾನು ಆಯೋಗದ ಮೆಟ್ಟಿಲು ಹತ್ತಲಿಲ್ಲ, ಆದರೆ ಹತ್ತುವುದಕ್ಕೆ ಬೇಕಾದ ಫೈಲು ರೆಡಿ ಇತ್ತು. ಅದು ರೆಡಿ ಇದೆ ಅಂತ ಇಮೇಲ್ ಓದಿದವರಿಗೂ ಗೊತ್ತಾಗುವ ಹಾಗಿತ್ತು.

ಉತ್ತರ ಬಂತು. ಕಂಪನಿಯ ಟೆಕ್ನಿಕಲ್ ಇಂಜಿನಿಯರ್ ಬರುತ್ತಾರೆ, ಗಾಡಿ ಬಿಡಿ ಅಂದರು. ಬಿಡುವಾಗ ಜಾಬ್ ಕಾರ್ಡಿನಲ್ಲಿ ನನ್ನ ಮಾತಿನಲ್ಲೇ ದೂರು ಬರೆಸಿದೆ. ಅಡ್ವೈಸರ್ ‘ಪಿಕಪ್ ಕಡಿಮೆ’ ಅಂತ ಎರಡು ಪದ ಟೈಪ್ ಮಾಡಿದ್ದ. ‘ಬಿಸಿಲಲ್ಲಿ, ಏಸಿ ಹಾಕಿ, ಹೆದ್ದಾರಿಯಲ್ಲಿ ಓವರ್‌ಟೇಕ್ ಮಾಡುವಾಗ ಪವರ್ ಕಟ್ ಆಗುತ್ತದೆ, ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ’ ಅಂತ ಬದಲಿಸಲು ಹೇಳಿದೆ. ಅದರ ಕೆಳಗೆ ‘ಇಂಜಿನಿಯರ್ ನೋಡುವವರೆಗೆ ಬಾನೆಟ್ ಒಳಗೆ ನೀರು ಹೊಡೆಯಬಾರದು, ಕೋಡ್ ಅಳಿಸಬಾರದು’ ಅಂತ ಸೇರಿಸಿದೆ. ಹುಡುಗ ನಕ್ಕ. ‘ಎಲ್ರೂ ಫ್ರೀ ವಾಶ್ ಕೇಳ್ತಾರೆ ಸಾರ್, ನೀವೊಬ್ರೇ ಬೇಡ ಅನ್ನೋದು.’

ಟೆಸ್ಟ್ ಡ್ರೈವ್‌ಗೆ ನಾನೂ ಬರುತ್ತೇನೆ, ಮಧ್ಯಾಹ್ನ ಮೂರರ ಬಿಸಿಲಿಗೇ ಹೋಗಬೇಕು ಅಂತ ಹಟ ಹಿಡಿದೆ. ಬಳ್ಳಾರಿಯ ಮೇ ತಿಂಗಳು, ಹೊರಗೆ ನಲವತ್ತು ದಾಟಿತ್ತು. ಏಸಿ ಫುಲ್, ನಾಲ್ಕು ಜನ, ಇಂಜಿನಿಯರ್ ಮುಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು. ಹೊಸಪೇಟೆ ರಸ್ತೆ ಹಿಡಿದೆವು. ಪರದೆ ಮೇಲೆ ಎರಡು ಗೆರೆ. ಇಂಜಿನ್ ಕೇಳುತ್ತಿರುವ ಒತ್ತಡ ಒಂದು, ನಿಜವಾಗಿ ಸಿಗುತ್ತಿರುವ ಒತ್ತಡ ಇನ್ನೊಂದು. ಊರು ದಾಟುವವರೆಗೆ ಎರಡೂ ಅಂಟಿಕೊಂಡೇ ಹೋದವು. ಕುಡತಿನಿ ಹತ್ತಿರ ಬಂದಾಗ ಪೆಡಲು ಪೂರ್ತಿ ಒತ್ತಿಸಿದರು. ಕೇಳುವ ಗೆರೆ ಎರಡು ಬಾರ್ ದಾಟಿತು, ಸಿಗುವ ಗೆರೆ ಒಂದೂವರೆಯ ಹತ್ತಿರ ಮಲಗಿಬಿಟ್ಟಿತು. ಲೈಟು ಬಂತು. ಅಷ್ಟು ಖುಷಿಯಿಂದ ನಾನು ಯಾವತ್ತೂ ಆ ಲೈಟು ನೋಡಿರಲಿಲ್ಲ. ಹಿಂದಿನ ಸೀಟಿನಲ್ಲಿದ್ದ ವರ್ಕ್‌ಶಾಪ್ ಮ್ಯಾನೇಜರ್ ಏನೂ ಮಾತಾಡಲಿಲ್ಲ.

ವಾಪಸ್ ಬಂದು ಗಾಡಿ ಲಿಫ್ಟ್ ಮೇಲೆ ಏರಿಸಿ, ಅಡಿಯ ಕವರ್ ಬಿಚ್ಚಿದರು. ಇಂಟರ್‌ಕೂಲರ್‌ನ ಬಿಸಿ ಕಡೆಯ ಪೈಪು, ಕ್ಲಾಂಪಿನ ಪಕ್ಕದಲ್ಲೇ, ಅಂಗೈಯಗಲ ಜಾಗದಲ್ಲಿ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ಉಳಿದ ಕಡೆ ಧೂಳು ಒಣಗಿ ಉದುರುವ ಹಾಗಿದ್ದರೆ ಇಲ್ಲಿ ಮಾತ್ರ ಜಿಡ್ಡು, ಹಸಿ. ಇಂಜಿನಿಯರ್ ಬಟ್ಟೆಯಿಂದ ಒರೆಸಿ ಪೈಪನ್ನು ಬಗ್ಗಿಸಿದರು. ಉಗುರಿನಷ್ಟು ಉದ್ದದ ಸೀಳು ಬಾಯಿ ತೆರೆಯಿತು. ಕೈ ಬಿಟ್ಟರೆ ಮುಚ್ಚಿಕೊಂಡಿತು. ತಂಪಿದ್ದಾಗ, ನಿಂತಾಗ ಅದು ಕಾಣುವುದೇ ಇಲ್ಲ. ರಬ್ಬರ್ ಕಾದು ಮೆತ್ತಗಾಗಿ ಒತ್ತಡ ಬಿದ್ದಾಗ ಮಾತ್ರ ತೆರೆಯುತ್ತದೆ. ಬೆಳಗ್ಗೆ ಸರ್ಕಲ್‌ವರೆಗೆ ಓಡಿಸಿದರೆ ಹೇಗೆ ಸಿಗಬೇಕು?

ಪೈಪು ಅವರ ಸ್ಟಾಕಿನಲ್ಲಿ ಇರಲಿಲ್ಲ, ತರಿಸಲು ಮತ್ತೆ ಕಾಯಿಸಿದರು. ಹಾಕಿದ ಮೇಲೆ ಆಯಿಲ್, ಆಯಿಲ್ ಫಿಲ್ಟರ್ ಬದಲಿಸಿ, ಸ್ಕ್ಯಾನರ್‌ನಿಂದ ಒಮ್ಮೆ ರೀಜನ್ ಮಾಡಿ, ಅದೇ ರಸ್ತೆಯಲ್ಲಿ ಅದೇ ಹೊತ್ತಿಗೆ ಮತ್ತೆ ಓಡಿಸಿದೆವು. ಎರಡು ಗೆರೆ ಬೇರೆಯಾಗಲಿಲ್ಲ. ಡಿಪಿಎಫ್ ಹಳೆಯದೇ ಇದೆ, ಚೆನ್ನಾಗಿಯೇ ಇದೆ. ಬಿಚ್ಚಿದ ಪೈಪನ್ನು ಕೇಳಿ ತಗೊಂಡೆ. ದುಡ್ಡು ಕೊಟ್ಟ ಪಾರ್ಟು ನಮ್ಮದೇ, ಕೇಳಿದರೆ ಕೊಡುತ್ತಾರೆ. ಅದನ್ನು ಕೌಲ್ ಬಜಾರಿನ ಅಣ್ಣನಿಗೆ ತೋರಿಸಿದಾಗ ಒಂದು ಸಲ ಬಗ್ಗಿಸಿ ನೋಡಿ, ಚಹಾ ಹೇಳಿದರು, ಅಷ್ಟೇ.

ಇನ್ನು ದುಡ್ಡಿನ ವಿಷಯ. ರಬ್ಬರ್ ಪೈಪು ಎಕ್ಸ್‌ಟೆಂಡೆಡ್ ವಾರಂಟಿಯ ಪಟ್ಟಿಯಲ್ಲಿ ಇರಲಿಲ್ಲ. ಪುಸ್ತಕ ತೆಗೆದು ನೋಡಿದೆ, ನಿಜವೇ. ಅದರ ಬೆಲೆ ಕೊಟ್ಟೆ, ಲಕ್ಷದ ಮುಂದೆ ಅದು ಏನೂ ಅಲ್ಲ. ಲೇಬರ್ ಮತ್ತು ಆಯಿಲ್ ಖರ್ಚನ್ನು ಕಂಪನಿಯವರು ಹಾಕಿಕೊಂಡರು. ಸುಮ್ನೆ ಬದಲಿಸಿದ ಸೆನ್ಸರ್ ಮತ್ತು ಇಜಿಆರ್ ಕ್ಲೀನಿಂಗ್ ಬಿಲ್ಲನ್ನು ವಾಪಸ್ ಕೇಳಿದೆ. ನಗದು ಆಗಲ್ಲ, ಮುಂದಿನ ಸರ್ವಿಸ್‌ನಲ್ಲಿ ಕಳೆಯುತ್ತೇವೆ ಅಂದರು. ಅದನ್ನೂ ಇಮೇಲ್‌ನಲ್ಲಿ ಹಾಕಿಸಿಕೊಂಡೆ. ಸೆನ್ಸರ್‌ದು ಪೂರ್ತಿ ಕಳೆದರು, ಕ್ಲೀನಿಂಗ್‌ದು ಅರ್ಧ. ಗಾಡಿ ಇಲ್ಲದ ದಿನಗಳ ಬಸ್ಸು, ಆಟೊ ಖರ್ಚು ಕೊಡಲಿಲ್ಲ. ಎರಡು ದಿನ ಬಿಟ್ಟು ಫೀಡ್‌ಬ್ಯಾಕ್ ಕಾಲ್ ಬಂತು. ಅದಕ್ಕೂ ಮೊದಲೇ ಅಡ್ವೈಸರ್ ಫೋನ್ ಮಾಡಿ, ‘ಹತ್ತಕ್ಕೆ ಹತ್ತು ಕೊಡಿ ಸಾರ್, ಇಲ್ಲಾಂದ್ರೆ ನಮ್ಮ ಇನ್ಸೆಂಟಿವ್ ಕಟ್ ಆಗುತ್ತೆ’ ಅಂದಿದ್ದ. ಅವನಿಗೆ ಹತ್ತು ಕೊಟ್ಟೆ, ವರ್ಕ್‌ಶಾಪಿಗೆ ನಾಲ್ಕು.