ಡೇಟ್ ಮುಂದೆ ಹಾಕುವ ಮಾತ್ರೆ: ಮೊದಲು ಕ್ಯಾಲೆಂಡರ್ ತೆಗೆಯಿರಿ

ತಂಗಿಯ ಮದುವೆ 13ಕ್ಕೆ, ನನ್ನ ಮುಟ್ಟಿನ ಡೇಟ್ 10ಕ್ಕೆ. ಯಾರನ್ನೂ ಕೇಳದೆ ಮೆಡಿಕಲ್ಸ್‌ನಿಂದ ಒಂದು ಸ್ಟ್ರಿಪ್ ತಂದು 7ರಿಂದ ದಿನಕ್ಕೆ ಮೂರರಂತೆ ನುಂಗಿದೆ. ಸ್ಟ್ರಿಪ್‌ನಲ್ಲಿ ಇದ್ದದ್ದೇ 10 ಮಾತ್ರೆ, 10ನೇ ತಾರೀಕು ಬೆಳಿಗ್ಗೆ ಖಾಲಿ. ಡೇಟ್ ದಾಟಿತಲ್ಲ, ಇನ್ನೇನು ಅಂತ ಸುಮ್ಮನಾದೆ. ಧಾರೆಗೆ ಎರಡು ಗಂಟೆ ಇರುವಾಗ ಛತ್ರದ ಬಾತ್‌ರೂಮಿನಲ್ಲಿ ರೇಷ್ಮೆ ಸೀರೆ ಎತ್ತಿ ಹಿಡಿದುಕೊಂಡು ನಿಂತಿದ್ದೆ, ಹೊರಗೆ ಅತ್ತಿಗೆ ಪ್ಯಾಡ್ ಹುಡುಕುತ್ತಿದ್ದರು.

ತಪ್ಪು ಲೆಕ್ಕದ್ದು. ಈ ಮಾತ್ರೆ ನೊರೆಥಿಸ್ಟರಾನ್, 5 ಮಿ.ಗ್ರಾಂ. ನಮ್ಮಲ್ಲಿ ಪ್ರಿಮೊಲುಟ್-ಎನ್, ರೆಜೆಸ್ಟ್ರೋನ್ ಅಂತೆಲ್ಲ ಸಿಗುತ್ತದೆ. ಮೈಯಲ್ಲಿ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನು ಇಳಿದಾಗ ಗರ್ಭಕೋಶದ ಒಳಪದರ ಕಳಚಿ ಮುಟ್ಟು ಬರುತ್ತದೆ. ಮಾತ್ರೆ ಆ ಜಾಗದಲ್ಲಿ ನಿಂತು ಪದರವನ್ನು ಹಿಡಿದಿಡುತ್ತದೆ, ಅಷ್ಟೇ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು ಬಂದೇ ಬರುತ್ತದೆ. ಅಂದರೆ ಡೇಟ್ ದಾಟಿದರೆ ಸಾಲದು, ಕಾರ್ಯಕ್ರಮ ಮುಗಿಯುವ ತನಕ ನುಂಗಬೇಕು.

ಸಾಮಾನ್ಯವಾಗಿ ಡಾಕ್ಟರು ಹೇಳುವುದು ಹೀಗೆ: ಡೇಟಿಗೆ ಮೂರು ದಿನ ಮೊದಲು ಶುರು, ದಿನಕ್ಕೆ ಮೂರು ಸಲ ಒಂದೊಂದು. ನನ್ನ ಲೆಕ್ಕವನ್ನೇ ತಗೊಳ್ಳಿ. 7ರಿಂದ 13, ಏಳು ದಿನ, 21 ಮಾತ್ರೆ. ಎರಡು ಸ್ಟ್ರಿಪ್ ತಂದರೂ ಒಂದು ಕಡಿಮೆ ಬೀಳುತ್ತಿತ್ತು! ಹಬ್ಬದ ಹಿಂದಿನ ದಿನ ಶುರು ಮಾಡಿದರೆ ಪ್ರಯೋಜನ ಇಲ್ಲ. ಡೇಟ್ ಹೆಚ್ಚುಕಡಿಮೆ ಆಗುವವರಿಗೆ ಈ ಲೆಕ್ಕ ಕೈಕೊಡುತ್ತದೆ, ಅದನ್ನು ಡಾಕ್ಟರಿಗೆ ಮೊದಲೇ ಹೇಳಿ. ಎರಡು ಮೂರು ವಾರ ಬಾಕಿ ಇರುವಾಗಲೇ ಹೋಗಿ.

ಚೀಟಿ ಇಲ್ಲದೆ ಕೊಡುವ ಅಂಗಡಿಯವರು ಇದ್ದಾರೆ, ನನಗೂ ಕೊಟ್ಟರು. ಆದರೆ ಅಂಗಡಿಯವರು ನಿಮ್ಮ ಕಾಲಿನಲ್ಲಿ ಎಂದಾದರೂ ರಕ್ತ ಹೆಪ್ಪುಗಟ್ಟಿತ್ತಾ ಅಂತ ಕೇಳುವುದಿಲ್ಲ ಅಲ್ವಾ? ಈ ಮಾತ್ರೆಯ ಹಾರ್ಮೋನಿನ ಸ್ವಲ್ಪ ಭಾಗ ಮೈಯಲ್ಲಿ ಈಸ್ಟ್ರೊಜೆನ್ ಆಗಿ ಬದಲಾಗುತ್ತದೆ, ಹೆಪ್ಪುಗಟ್ಟುವ ಭಯ ಇರುವುದು ಅದಕ್ಕೇ. ನಿಮಗೋ ಅಪ್ಪ ಅಮ್ಮ ಒಡಹುಟ್ಟಿದವರಿಗೋ ಹೆಪ್ಪುಗಟ್ಟಿದ್ದು, ಪಾರ್ಶ್ವವಾಯು, ಹೃದಯದ ತೊಂದರೆ, ಲಿವರ್ ಕಾಯಿಲೆ, ಸ್ತನ ಕ್ಯಾನ್ಸರ್, ಕಣ್ಣ ಮುಂದೆ ಮಿಂಚು ಬಂದು ಶುರುವಾಗುವ ಮೈಗ್ರೇನ್, ಇದರಲ್ಲಿ ಯಾವುದು ಇದ್ದರೂ ಬಾಯಿಬಿಟ್ಟು ಹೇಳಿ. ಸಿಗರೇಟು, ಜಾಸ್ತಿ ತೂಕ, ಹತ್ತಿರದಲ್ಲೇ ಆಪರೇಷನ್ ಇರುವುದನ್ನೂ ಮುಚ್ಚಿಡಬೇಡಿ. ಬಸುರಿಯರಿಗೆ ಇದು ಬೇಡವೇ ಬೇಡ, ಹಾಲೂಡಿಸುತ್ತಿದ್ದರೆ ಕೇಳಿಯೇ ಮುಂದುವರಿಯಿರಿ. ಟಿ.ಬಿ.ಯ ರಿಫಾಂಪಿಸಿನ್ ಮತ್ತು ಕೆಲವು ಮೂರ್ಛೆ ರೋಗದ ಮಾತ್ರೆಗಳು ಇದರ ಶಕ್ತಿ ಕಡಿಮೆ ಮಾಡುತ್ತವೆ.

ನುಂಗುವಾಗ ಹೊಟ್ಟೆ ಉಬ್ಬರ, ವಾಕರಿಕೆ, ಎದೆ ನೋವು (ಸ್ತನದ್ದು), ತಲೆನೋವು, ಸುಮ್ನೆ ರೇಗುವುದು ಇವೆಲ್ಲ ಆಗಬಹುದು. ಒಂದೆರಡು ರಕ್ತದ ಕಲೆ ಕಾಣಿಸಿದರೂ ಗಾಬರಿ ಬೇಡ. ಒಂದು ಹೊತ್ತು ಮರೆತರೆ ನೆನಪಾದಾಗ ಒಂದು ನುಂಗಿ, ಎರಡು ಬೇಡ. ಮೊಬೈಲಿನಲ್ಲಿ ಅಲಾರಂ ಇಡಿ, ಮದುವೆ ಮನೆಯಲ್ಲಿ ಯಾರಿಗೂ ಏನೂ ನೆನಪಿರುವುದಿಲ್ಲ. ಒಂದು ಕಾಲು ಮಾತ್ರ ಊದಿ ನೋಯುವುದು, ಉಸಿರು ಕಟ್ಟುವುದು, ಎದೆ ಹಿಡಿದುಕೊಳ್ಳುವುದು, ಇದ್ದಕ್ಕಿದ್ದಂತೆ ಕಣ್ಣು ಮಂಜಾಗುವುದು ಆದರೆ ಮಾತ್ರೆ ನಿಲ್ಲಿಸಿ ಸೀದಾ ಆಸ್ಪತ್ರೆಗೆ ಹೋಗಿ. ಹಬ್ಬ ಆಮೇಲೆ.

ಇದು ಗರ್ಭನಿರೋಧಕ ಅಲ್ಲ, ಕಾಂಡೋಮ್ ಬೇಕು. ನಿಲ್ಲಿಸಿ ವಾರವಾದರೂ ಮುಟ್ಟಾಗದಿದ್ದರೆ ಪ್ರೆಗ್ನೆನ್ಸಿ ಕಿಟ್ ತಂದು ನೋಡಿ.

ಮೊದಲಿನಿಂದಲೂ ಮಾಲಾ-ಡಿ ಥರದ ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದರೆ ಇದರ ಗೊಡವೆಯೇ ಬೇಕಿಲ್ಲ. ಅದರ 28ರಲ್ಲಿ 21 ಮಾತ್ರ ಹಾರ್ಮೋನು, ಉಳಿದ 7 ಬರೀ ಕಬ್ಬಿಣಾಂಶ. ಆ ಏಳನ್ನು ಬಿಟ್ಟು ಮರುದಿನವೇ ಹೊಸ ಪ್ಯಾಕಿನ ಬಿಳಿ ಮಾತ್ರೆ ಶುರು ಮಾಡಿದರೆ ಆ ಸಲದ ಮುಟ್ಟು ಮುಂದೆ ಹೋಗುತ್ತದೆ.

ಮುಂದೆ ಹಾಕುವುದಲ್ಲ, ರಕ್ತ ಹೋಗುವುದನ್ನು ಕಡಿಮೆ ಮಾಡಬೇಕು ಅನ್ನುವವರ ಕತೆ ಬೇರೆ. ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ನೆನೆಯುತ್ತಿದ್ದರೆ, ಏಳು ದಿನ ದಾಟುತ್ತಿದ್ದರೆ, ದೊಡ್ಡ ಗಡ್ಡೆಗಳು ಬೀಳುತ್ತಿದ್ದರೆ ಅಕ್ಕನ ಡಬ್ಬಿಯಲ್ಲಿ ಉಳಿದ ಸ್ಟ್ರಿಪ್‌ಗೆ ಕೈ ಹಾಕಬೇಡಿ. ಹಿಮೋಗ್ಲೋಬಿನ್, ಥೈರಾಯ್ಡ್, ಸ್ಕ್ಯಾನಿಂಗ್ ಮಾಡಿಸಿ ಕಾರಣ ನೋಡಿದ ಮೇಲೆ ಡಾಕ್ಟರು ಇದನ್ನೇ ಬೇರೆ ಲೆಕ್ಕದಲ್ಲಿ ಕೊಡಬಹುದು, ಅಥವಾ ಹಾರ್ಮೋನೇ ಇಲ್ಲದ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯನ್ನು ಹೆಚ್ಚು ಹೋಗುವ ದಿನಗಳಿಗೆ ಮಾತ್ರ ಬರೆಯಬಹುದು.