ಪಿಜಿ-ರಿಸ್ಟೋರ್: ಬ್ಯಾಕಪ್ ಆರ್ಕೈವ್‌ನಿಂದ ಡೇಟಾಬೇಸನ್ನು ಮರಳಿ ಪಡೆಯುವ ಆಯ್ಕೆಗಳು

ಪೋಸ್ಟ್‌ಗ್ರೆಸ್ ಡೇಟಾಬೇಸೊಂದರ ಬ್ಯಾಕಪ್ ಕೈಯಲ್ಲಿದ್ದರೆ, ಅದು ಯಾವ ರೂಪದಲ್ಲಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಬ್ಯಾಕಪ್ ತೆಗೆಯುವ ಸಾಧನವಾದ ಪಿಜಿ-ಡಂಪ್ ಪ್ಲೇನ್, ಕಸ್ಟಮ್, ಡೈರೆಕ್ಟರಿ, ಟಾರ್ ಎಂಬ ನಾಲ್ಕು ರೂಪಗಳಲ್ಲಿ ಬ್ಯಾಕಪ್ ಬರೆಯುತ್ತದೆ. ಇವುಗಳಲ್ಲಿ ಪ್ಲೇನ್ ಎಂಬುದು ಬರಿಯ ಎಸ್‌ಕ್ಯುಎಲ್ ಪಠ್ಯವಾದ್ದರಿಂದ ಅದನ್ನು ಪೋಸ್ಟ್‌ಗ್ರೆಸ್‌ಗೆ ಆಜ್ಞೆ ಕೊಡುವ ಸಾಧನವಾದ ಪಿಎಸ್‌ಕ್ಯುಎಲ್ ಮೂಲಕವೇ ಓಡಿಸಬೇಕಾಗುತ್ತದೆ. ಆರ್ಕೈವ್ ಎನಿಸುವ ಉಳಿದ ಮೂರನ್ನು ಓದಿ ಡೇಟಾಬೇಸಿಗೆ ಮರಳಿ ತುಂಬಲು (ರಿಸ್ಟೋರ್ ಮಾಡಲು) ಪಿಜಿ-ರಿಸ್ಟೋರ್ ಇದೆ. ಏನನ್ನು ತರಬೇಕು, ಏನನ್ನು ಬಿಡಬೇಕು, ಯಾವ ಕ್ರಮದಲ್ಲಿ ತರಬೇಕು ಎಂದು ರಿಸ್ಟೋರ್ ಮಾಡುವ ಹೊತ್ತಿನಲ್ಲಿ ನಿರ್ಧರಿಸುವ ಸ್ವಾತಂತ್ರ್ಯ ಈ ಮೂರು ರೂಪಗಳಿಗೆ ಮಾತ್ರ ಸಿಗುತ್ತದೆ.

ಎಲ್ಲಿಗೆ ರಿಸ್ಟೋರ್ ಮಾಡಬೇಕು ಎಂಬುದು ಮುಂದಿನ ಪ್ರಶ್ನೆ. ಈಗಾಗಲೇ ಬಳಕೆಯಲ್ಲಿರುವ ಡೇಟಾಬೇಸಿನ ಮೇಲೆಯೇ ಹಳೆಯ ಬ್ಯಾಕಪ್ ಸುರಿಯುವುದಕ್ಕಿಂತ, ಬೇರೊಂದು ಹೆಸರಿನಲ್ಲಿ ಖಾಲಿ ಡೇಟಾಬೇಸ್ ಸೃಷ್ಟಿಸಿ, ಅದರೊಳಗೆ ರಿಸ್ಟೋರ್ ಮಾಡಿ, ಪರಿಶೀಲಿಸಿದ ಬಳಿಕ ಹೆಸರು ಬದಲಿಸುವುದೇ ಕ್ಷೇಮವೆಂದು ನನ್ನ ಅಭಿಪ್ರಾಯ. ಖಾಲಿ ಡೇಟಾಬೇಸನ್ನು ಪೋಸ್ಟ್‌ಗ್ರೆಸ್‌ನ ಮೂಲ ಅಚ್ಚಾದ ಟೆಂಪ್ಲೇಟ್0 ಆಧಾರದ ಮೇಲೆ ಸೃಷ್ಟಿಸಬೇಕು. ಸಾಮಾನ್ಯವಾಗಿ ಬಳಕೆಯಾಗುವ ಅಚ್ಚಾದ ಟೆಂಪ್ಲೇಟ್1ಕ್ಕೆ ಯಾರಾದರೂ ಹಿಂದೆ ಏನಾದರೂ ಸೇರಿಸಿದ್ದರೆ ಅದೂ ಹೊಸ ಡೇಟಾಬೇಸಿಗೆ ಬಂದು, ಆರ್ಕೈವ್‌ನಲ್ಲಿರುವ ಅದೇ ಹೆಸರಿನ ವಸ್ತುಗಳೊಂದಿಗೆ (ಟೇಬಲ್ ಮುಂತಾದವು) ಘರ್ಷಣೆಯಾಗುತ್ತದೆ.

ಇಲ್ಲಿ ಬಹಳ ಜನ ಎಡವುವುದು ಪಿಜಿ-ರಿಸ್ಟೋರ್ ಆಜ್ಞೆಗೆ ಸೇರಿಸುವ 'ಸಿ' ಅಕ್ಷರದ ಎರಡು ಆಯ್ಕೆಗಳಲ್ಲಿ. ಅಕ್ಷರಗಳಲ್ಲಿ ದೊಡ್ಡದು, ಸಣ್ಣದು ಎಂಬ ಭೇದವೇ ಇಲ್ಲದ ಲಿಪಿಯಲ್ಲಿ ಬೆಳೆದವರು ಇದನ್ನು ಎರಡು ಸಲ ನೋಡಿಕೊಳ್ಳುವುದು ಒಳ್ಳೆಯದು. ಸಣ್ಣ ಸಿ ಎಂದರೆ 'ಕ್ಲೀನ್': ಆರ್ಕೈವ್‌ನಲ್ಲಿರುವ ಪ್ರತಿಯೊಂದು ವಸ್ತುವನ್ನೂ ಗುರಿ ಡೇಟಾಬೇಸಿನಿಂದ ಮೊದಲು ಅಳಿಸಿ, ಆಮೇಲೆ ಹೊಸದಾಗಿ ಸೃಷ್ಟಿಸುತ್ತದೆ. ಬ್ಯಾಕಪ್ ತೆಗೆದ ನಂತರ ಹುಟ್ಟಿದ ಟೇಬಲ್‌ಗಳು ಆರ್ಕೈವ್‌ನಲ್ಲಿ ಇರುವುದಿಲ್ಲವಾದ್ದರಿಂದ ಅವು ಹಾಗೆಯೇ ಉಳಿಯುತ್ತವೆ. ಹೀಗಾಗಿ ಕ್ಲೀನ್ ಎಂಬ ಹೆಸರನ್ನು ನಂಬಿ ಎಲ್ಲವೂ ಸ್ವಚ್ಛವಾಯಿತೆಂದು ತಿಳಿಯಬಾರದು. ಇದರೊಂದಿಗೆ 'ಇಫ್-ಎಕ್ಸಿಸ್ಟ್ಸ್' ಸೇರಿಸಿದರೆ, ಇಲ್ಲದ ವಸ್ತುವನ್ನು ಅಳಿಸಲು ಹೋಗಿ ಬರುವ ದೋಷಸಂದೇಶಗಳು ತಪ್ಪುತ್ತವೆ. ದೊಡ್ಡ ಸಿ ಎಂದರೆ 'ಕ್ರಿಯೇಟ್': ಇದು ಡೇಟಾಬೇಸನ್ನೇ ಸೃಷ್ಟಿಸುತ್ತದೆ, ಆದರೆ ಆರ್ಕೈವ್‌ನಲ್ಲಿ ದಾಖಲಾಗಿರುವ ಹೆಸರಿನಲ್ಲಿ. ಆಗ ಗುರಿ ಡೇಟಾಬೇಸನ್ನು ಹೆಸರಿಸುವ ಸಣ್ಣ 'ಡಿ' ಆಯ್ಕೆಯಲ್ಲಿ ಕೊಟ್ಟ ಡೇಟಾಬೇಸ್ ಆರಂಭದ ಸಂಪರ್ಕಕ್ಕಷ್ಟೇ ಬಳಕೆಯಾಗುತ್ತದೆ. ಪರೀಕ್ಷಾ ಡೇಟಾಬೇಸಿನ ಹೆಸರು ಕೊಟ್ಟಿದ್ದೇನೆಂಬ ಧೈರ್ಯದಿಂದ ಎರಡೂ 'ಸಿ'ಗಳನ್ನು ಒಟ್ಟಿಗೆ ಬಳಸಿದವರು ಅದೇ ಸರ್ವರ್‌ನಲ್ಲಿರುವ ಅಸಲಿ ಡೇಟಾಬೇಸನ್ನೇ ಅಳಿಸಿಕೊಳ್ಳುವ ಅಪಾಯ ಇರುವುದು ಇಲ್ಲಿಯೇ.

ಇಡೀ ಡೇಟಾಬೇಸಿನ ಬದಲು ಒಂದು ಭಾಗ ಮಾತ್ರ ಬೇಕಾದಾಗ ಸಣ್ಣ 'ಟಿ' ಆಯ್ಕೆಯಲ್ಲಿ ಟೇಬಲ್‌ನ ಹೆಸರು ಕೊಡಬಹುದು. ಆದರೆ ಇದು ಟೇಬಲ್‌ನೊಂದಿಗೆ ಅದರಲ್ಲಿನ ಹುಡುಕಾಟವನ್ನು ಚುರುಕಾಗಿಸುವ ಇಂಡೆಕ್ಸ್‌ಗಳನ್ನಾಗಲಿ, ಅದು ಅವಲಂಬಿಸಿರುವ ಇತರ ವಸ್ತುಗಳನ್ನಾಗಲಿ ತರುವುದಿಲ್ಲ. ಇದಕ್ಕಿಂತ ಎಷ್ಟೋ ಮೇಲಾದ ದಾರಿಯೆಂದರೆ ಪಟ್ಟಿಯ ದಾರಿ. ಸಣ್ಣ 'ಎಲ್' ಆಯ್ಕೆ ಆರ್ಕೈವ್‌ನ ವಿಷಯಸೂಚಿಯನ್ನು ಸಾಲುಸಾಲಾಗಿ ಕೊಡುತ್ತದೆ; ಅದನ್ನು ಒಂದು ಕಡತದಲ್ಲಿ ಉಳಿಸಿಕೊಂಡು, ಬೇಡದ ಸಾಲಿನ ಆರಂಭದಲ್ಲಿ ಅರ್ಧವಿರಾಮ ಚಿಹ್ನೆ ಹಾಕಿ, ಅಗತ್ಯವಿದ್ದರೆ ಸಾಲುಗಳ ಕ್ರಮವನ್ನೂ ಬದಲಿಸಿ, ಅದೇ ಕಡತವನ್ನು ದೊಡ್ಡ 'ಎಲ್' ಆಯ್ಕೆಗೆ ಕೊಟ್ಟರೆ ಉಳಿದ ಸಾಲುಗಳಷ್ಟೇ ರಿಸ್ಟೋರ್ ಆಗುತ್ತವೆ. ಟೇಬಲ್‌ನ ರಚನೆಗೂ ಅದರೊಳಗಿನ ಡೇಟಾಕ್ಕೂ ಈ ಪಟ್ಟಿಯಲ್ಲಿ ಬೇರೆಬೇರೆ ಸಾಲುಗಳಿರುತ್ತವೆ. ಆದ್ದರಿಂದ ಲಾಗ್‌ಗಳನ್ನು ತುಂಬಿಕೊಂಡ ದೈತ್ಯ ಟೇಬಲ್ ಒಂದಿದ್ದರೆ ಅದರ ಡೇಟಾ ಸಾಲನ್ನು ಮಾತ್ರ ಮುಚ್ಚಿ, ಟೇಬಲ್ಲನ್ನು ಖಾಲಿಯಾಗಿ ತರಬಹುದು. ಗಂಟೆಗಟ್ಟಲೆಯ ಕೆಲಸ ಎಷ್ಟೋ ಸಲ ಇದೊಂದರಿಂದಲೇ ಹಗುರಾಗುತ್ತದೆ. ಬೇರೆ ಟೇಬಲ್‌ಗಳು ಫಾರಿನ್ ಕೀ (ತಾವು ಸೂಚಿಸುವ ಸಾಲು ಇನ್ನೊಂದು ಟೇಬಲ್‌ನಲ್ಲಿ ಇರಲೇಬೇಕೆಂಬ ನಿರ್ಬಂಧ) ಮೂಲಕ ಅದನ್ನು ಆಶ್ರಯಿಸಿದ್ದರೆ ಆ ಫಾರಿನ್ ಕೀ ಸಾಲುಗಳನ್ನೂ ಮುಚ್ಚಬೇಕು, ಇಲ್ಲದಿದ್ದರೆ ಅವು ಕೊನೆಯಲ್ಲಿ ವಿಫಲವಾಗುತ್ತವೆ.

ವೇಗಕ್ಕಾಗಿ 'ಜಾಬ್ಸ್' ಆಯ್ಕೆಯಿದೆ. ಇದು ಹಲವು ಸಂಪರ್ಕಗಳನ್ನು ತೆರೆದು ಡೇಟಾ ತುಂಬುವ ಕೆಲಸವನ್ನೂ ಇಂಡೆಕ್ಸ್ ಕಟ್ಟುವ ಕೆಲಸವನ್ನೂ ಏಕಕಾಲದಲ್ಲಿ ನಡೆಸುತ್ತದೆ. ಸರ್ವರ್‌ನ ಸಿಪಿಯು ಕೋರ್‌ಗಳಷ್ಟು ಸಂಖ್ಯೆಯಿಂದ ಆರಂಭಿಸಬಹುದು. ಕಸ್ಟಮ್ ಮತ್ತು ಡೈರೆಕ್ಟರಿ ರೂಪಗಳಿಗೆ ಮಾತ್ರ ಇದು ಅನ್ವಯಿಸುತ್ತದೆ. ಇಂಡೆಕ್ಸ್ ಕಟ್ಟುವಾಗ ಬಳಕೆಯಾಗುವ ಮೆಮೊರಿಯ ಮಿತಿಯಾದ ಮೇಂಟೆನೆನ್ಸ್-ವರ್ಕ್-ಮೆಮ್ ಸಾಮಾನ್ಯವಾಗಿ 64 ಎಂಬಿ ಇರುತ್ತದೆ. ರಿಸ್ಟೋರ್ ನಡೆಯುವಷ್ಟು ಹೊತ್ತು ಅದನ್ನು ಹೆಚ್ಚಿಸುವುದರಿಂದಲೂ ಸಮಯ ಉಳಿಯುತ್ತದೆ.

ದೋಷ ಬಂದಾಗ ಪಿಜಿ-ರಿಸ್ಟೋರ್ ನಿಲ್ಲುವುದಿಲ್ಲ ಎಂಬುದನ್ನು ನೆನಪಿಡಬೇಕು. ಅದು ಮುಂದುವರಿದು, ಎಷ್ಟು ದೋಷಗಳನ್ನು ಕಡೆಗಣಿಸಲಾಯಿತು ಎಂದು ಕೊನೆಯಲ್ಲಿ ತಿಳಿಸುತ್ತದೆ. ಮೊದಲ ದೋಷಕ್ಕೇ ನಿಲ್ಲಬೇಕಾದರೆ 'ಎಕ್ಸಿಟ್-ಆನ್-ಎರರ್' ಕೊಡಬೇಕು. ಪೂರ್ತಿಯಾದರೆ ಆಗಲಿ, ಇಲ್ಲವಾದರೆ ಏನೂ ಆಗದಿರಲಿ ಎನ್ನುವುದಾದರೆ 'ಸಿಂಗಲ್-ಟ್ರಾನ್ಸಾಕ್ಷನ್' ಇದೆ. ಇದನ್ನು ಜಾಬ್ಸ್ ಜೊತೆಗೆ ಬಳಸಲಾಗದು, ಆದ್ದರಿಂದ ವೇಗ ಮತ್ತು ಭದ್ರತೆಗಳ ನಡುವೆ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ಖಾಲಿ ಡೇಟಾಬೇಸಿಗೆ ತರುವಾಗ ನಾನು ವೇಗವನ್ನೇ ಆರಿಸುತ್ತೇನೆ, ಏಕೆಂದರೆ ಕೆಟ್ಟರೆ ಅದನ್ನು ಅಳಿಸಿ ಮತ್ತೆ ಆರಂಭಿಸಬಹುದು.

ಬೇರೆ ಸರ್ವರ್‌ಗೆ ತರುವಾಗ ಕಾಣುವ ದೋಷಗಳಲ್ಲಿ ಬಹುಪಾಲು ಬಳಕೆದಾರರಿಗೆ ಸಂಬಂಧಿಸಿದವು. ಪಿಜಿ-ಡಂಪ್ ಬರೆದ ಆರ್ಕೈವ್‌ನಲ್ಲಿ ರೋಲ್‌ಗಳು, ಅಂದರೆ ಬಳಕೆದಾರರ ಖಾತೆಗಳು, ಇರುವುದಿಲ್ಲ; ಅವುಗಳನ್ನು ಇಡೀ ಸರ್ವರ್‌ನ ಬ್ಯಾಕಪ್ ತೆಗೆಯುವ ಪಿಜಿ-ಡಂಪ್‌ಆಲ್‌ನ 'ಗ್ಲೋಬಲ್ಸ್-ಓನ್ಲಿ' ಆಯ್ಕೆಯಿಂದ ಪ್ರತ್ಯೇಕವಾಗಿ ತೆಗೆದಿರಬೇಕು. ಹಳೆಯ ಮಾಲೀಕರ ಅಗತ್ಯವೇ ಇಲ್ಲದಿದ್ದರೆ 'ನೋ-ಓನರ್' ಮತ್ತು 'ನೋ-ಪ್ರಿವಿಲೆಜಸ್' ಆಯ್ಕೆಗಳನ್ನು ಕೊಟ್ಟರೆ ಸಾಕು, ರಿಸ್ಟೋರ್ ಮಾಡುವ ಬಳಕೆದಾರನೇ ಎಲ್ಲದರ ಮಾಲೀಕನಾಗುತ್ತಾನೆ.

ರಿಸ್ಟೋರ್ ಮುಗಿದ ಕೂಡಲೇ ಹೊಸ ಡೇಟಾಬೇಸಿನಲ್ಲಿ, ಡೇಟಾದ ಅಂಕಿಅಂಶಗಳನ್ನು ಕಲೆಹಾಕುವ ಅನಲೈಸ್ ಆಜ್ಞೆಯನ್ನು ಓಡಿಸಬೇಕು. ಅಂಕಿಅಂಶಗಳಿಲ್ಲದಿದ್ದರೆ, ಡೇಟಾ ಹುಡುಕುವ ದಾರಿಯನ್ನು ಆರಿಸುವ ಪ್ಲಾನರ್ ತಪ್ಪು ದಾರಿ ಹಿಡಿದು, ಎಲ್ಲ ಸರಿಯಿದ್ದೂ ಡೇಟಾಬೇಸ್ ನಿಧಾನವೆನಿಸುತ್ತದೆ. ಮುಖ್ಯ ಟೇಬಲ್‌ಗಳ ಸಾಲುಗಳ ಎಣಿಕೆ ನೋಡಿ ತೃಪ್ತಿಯಾದ ಮೇಲೆ ಹಳೆಯದಕ್ಕೆ ಬೇರೆ ಹೆಸರಿಟ್ಟು, ಹೊಸದಕ್ಕೆ ಅಸಲಿ ಹೆಸರು ಕೊಡಬಹುದು. ಹೆಸರು ಬದಲಿಸುವಾಗ ಆ ಡೇಟಾಬೇಸಿಗೆ ಯಾರ ಸಂಪರ್ಕವೂ ಇರಬಾರದಾದ್ದರಿಂದ, ಅಪ್ಲಿಕೇಶನ್ ನಿಲ್ಲಿಸಿ, ನೀವೂ ಪೋಸ್ಟ್‌ಗ್ರೆಸ್ ಎಂಬ ಹೆಸರಿನ ಮೂಲ ಡೇಟಾಬೇಸಿಗೆ ಸಂಪರ್ಕ ಬದಲಿಸಿಕೊಂಡು ಆಜ್ಞೆ ಕೊಡಬೇಕು.