ಒಂದು ದುಬಾರಿ ಕ್ಯಾಮೆರಾವೋ, ಎರಡು ಅಗ್ಗದವೋ: ಯಕ್ಷಗಾನದ ಚಿತ್ರೀಕರಣದಲ್ಲಿ ನನ್ನ ಅನುಭವ

ಯಕ್ಷಗಾನದಲ್ಲಿ ಪದ್ಯ ಪ್ರಸಂಗದ ಪುಸ್ತಕದಲ್ಲಿರುತ್ತದೆ, ಮಾತು ಇರುವುದಿಲ್ಲ. ಭಾಗವತರ ಪದ್ಯದ ಮೇಲೆ ವೇಷಧಾರಿ ಹೇಳುವ ಅರ್ಥ ಆ ರಾತ್ರಿ, ಆ ಎದುರು ವೇಷದ ಮುಂದೆ ಹುಟ್ಟಿದ್ದು. ಅದೇ ಮೇಳ ಅದೇ ಪ್ರಸಂಗವನ್ನು ಮರುದಿನ ಪಕ್ಕದ ಊರಿನಲ್ಲಿ ಆಡಿದರೂ ಕೃಷ್ಣ ಮತ್ತು ಭೀಷ್ಮರ ವಾದ ಬೇರೆ ದಾರಿ ಹಿಡಿದಿರುತ್ತದೆ. ಆದ್ದರಿಂದ ಚಿತ್ರೀಕರಣದಲ್ಲಿ ಐದು ನಿಮಿಷ ತಪ್ಪಿತೆಂದರೆ ಅದನ್ನು ಮತ್ತೆಲ್ಲೂ ಹುಡುಕಿ ತರಲಾಗದು. ಡಿಎಸ್ಎಲ್ಆರ್ (ಲೆನ್ಸ್ ಬದಲಿಸಬಲ್ಲ ಕ್ಯಾಮೆರಾ) ಕೊಳ್ಳಲು ಹೊರಟಾಗ ನಾನು ಎಲ್ಲವನ್ನೂ ಅಳೆದದ್ದು ಈ ಒಂದು ಮಾತಿನಿಂದ.

ನನ್ನ ಕೈಯಲ್ಲಿದ್ದ ಹಣಕ್ಕೆ ಎರಡು ದಾರಿಗಳಿದ್ದವು. 2016ರಲ್ಲಿ ಬಂದ ಕ್ಯಾನನ್ 5ಡಿ ಮಾರ್ಕ್ 4 ಒಂದು. ಅದರ ಬಾಡಿ (ಲೆನ್ಸ್ ಇಲ್ಲದ ಕ್ಯಾಮೆರಾ) ಒಂದೇ ಎರಡು ಲಕ್ಷ ದಾಟುತ್ತಿತ್ತು. ಇನ್ನೊಂದು ದಾರಿಯಲ್ಲಿ ಅದೇ ವರ್ಷದ ಕ್ಯಾನನ್ 80ಡಿ, 2017ರ ಪುಟ್ಟ 200ಡಿ, ಲೆನ್ಸ್‌ಗಳು, ಧ್ವನಿಮುದ್ರಣದ ಸಲಕರಣೆ, ಎರಡು ಟ್ರೈಪಾಡ್ ಎಲ್ಲವೂ ಸೇರಿದರೂ ಸ್ವಲ್ಪ ಹಣ ಉಳಿಯುತ್ತಿತ್ತು. ಮದುವೆಗಳ ವೀಡಿಯೊ ಮಾಡುವ ಗೆಳೆಯರೆಲ್ಲ ಮೊದಲನೆಯದನ್ನೇ ಹೇಳಿದರು. ನಾನು ಮಾರ್ಕ್ 4 ಅನ್ನು ಬಾಡಿಗೆಗೆ ತಂದು, ಪರಿಚಿತರೊಬ್ಬರ 200ಡಿಯನ್ನು ಅದರ ಪಕ್ಕದಲ್ಲೇ ನಿಲ್ಲಿಸಿ, ಒಂದೇ ಆಟವನ್ನು ಎರಡರಲ್ಲೂ ಚಿತ್ರೀಕರಿಸಿದೆ. ಕೊಳ್ಳುವ ಮುನ್ನ ಇಂಥದೊಂದು ರಾತ್ರಿಯ ಬಾಡಿಗೆಗೆ ಹಣ ಹಾಕಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಆ ರಾತ್ರಿ ಮೊದಲು ಕಂಡದ್ದು ಎರಡಕ್ಕೂ ಇರುವ ಒಂದೇ ಮಿತಿ. 29 ನಿಮಿಷ 59 ಸೆಕೆಂಡಿಗೆ ಎರಡೂ ತಾವಾಗಿಯೇ ನಿಂತವು. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಮುದ್ರಿಸುವ ಉಪಕರಣಕ್ಕೆ ಯುರೋಪಿನಲ್ಲಿ ಕ್ಯಾಮ್‌ಕಾರ್ಡರ್‌ನ ಸುಂಕ ಬೀಳುತ್ತಿದ್ದ ಕಾರಣಕ್ಕೆ ಕಂಪನಿಗಳು ಈ ಗಡಿ ಇಟ್ಟಿದ್ದವು. ಅಗ್ಗದ್ದಕ್ಕೂ ಅದೇ, ದುಬಾರಿಯದಕ್ಕೂ ಅದೇ. ಮತ್ತೆ ಗುಂಡಿ ಒತ್ತಬೇಕು. ಅಷ್ಟರೊಳಗೆ ಒಂದು ಮಾತು ಹೋಗಿರುತ್ತದೆ. ಎಷ್ಟೇ ಬೆಲೆಯ ಕ್ಯಾಮೆರಾ ಇದ್ದರೂ ಒಂದೇ ಇದ್ದರೆ ಈ ಕಂದಕ ತುಂಬುವುದಿಲ್ಲ. ಎರಡಿದ್ದರೆ ತುಂಬುತ್ತದೆ. ನನ್ನ ತೀರ್ಮಾನದ ಅರ್ಧ ಭಾಗ ಅಲ್ಲಿಯೇ ಆಯಿತು.

ಮಾರ್ಕ್ 4ರಲ್ಲಿ 4ಕೆ (ಹೆಚ್ಚು ಸ್ಪಷ್ಟತೆಯ ವೀಡಿಯೊ) ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. ಆದರೆ ಅದು ಸೆಕೆಂಡಿಗೆ 500 ಮೆಗಾಬಿಟ್‌ನಂತೆ ಬರೆಯುತ್ತದೆ. 64 ಜಿಬಿ ಕಾರ್ಡು ಹದಿನೇಳು ನಿಮಿಷಕ್ಕೆ ತುಂಬುತ್ತದೆ. ಜೊತೆಗೆ 4ಕೆಯಲ್ಲಿ ಬೆಳಕು ಹಿಡಿಯುವ ಸಂವೇದಕದ ಮಧ್ಯದ ಭಾಗವನ್ನಷ್ಟೇ ಬಳಸುವುದರಿಂದ ಚಿತ್ರ ಸುಮಾರು 1.74 ಪಟ್ಟು ಹತ್ತಿರವಾಗಿ, ಫುಲ್ ಫ್ರೇಮ್ (ದೊಡ್ಡ ಸಂವೇದಕ) ಎಂದು ಕೊಟ್ಟ ಹಣದ ಪ್ರಯೋಜನವೇ ಕೈಬಿಡುತ್ತದೆ. ವೇಷ ಧೀಂಗಿಣ (ಗಿರಗಿರನೆ ಸುತ್ತುತ್ತಾ ಹಾರುವ ಕುಣಿತ) ಹಾಕುವಾಗ, ಚಿತ್ರವನ್ನು ಒಮ್ಮೆಗೇ ಅಲ್ಲದೆ ಸಾಲುಸಾಲಾಗಿ ಓದುವ ರೋಲಿಂಗ್ ಶಟರ್‌ನಿಂದ ಕಿರೀಟ ಓರೆಯಾಗಿ ಕಾಣುವುದೂ 4ಕೆಯಲ್ಲಿ ಹೆಚ್ಚು. ಫುಲ್ ಎಚ್‌ಡಿಯಲ್ಲಿ ಸೆಕೆಂಡಿಗೆ 25 ಚೌಕಟ್ಟಿನ ಸಾಮಾನ್ಯ ಮುದ್ರಣ 30 ಮೆಗಾಬಿಟ್‌ನ ಆಸುಪಾಸಿನಲ್ಲಿರುತ್ತದೆ, ಗಂಟೆಗೆ ಹದಿಮೂರು ಹದಿನಾಲ್ಕು ಜಿಬಿ. ಒಂದು ಕಾರ್ಡಿನಲ್ಲಿ ಕಾಲಮಿತಿಯ ಆಟ ಮುಗಿಯುತ್ತದೆ. ಬೆಳಗಿನ ತನಕದ ಆಟಕ್ಕೆ ಎರಡು ಮೂರು ಸಾಕು.

ಬೆಳಕಿನ ವಿಷಯದಲ್ಲಿ ಮಾರ್ಕ್ 4 ಗೆದ್ದಿತು. ಬೆಳಕಿಗೆ ಸ್ಪಂದಿಸುವ ಮಟ್ಟವಾದ ಐಎಸ್ಒವನ್ನು 6400ಕ್ಕೆ ಏರಿಸಿದಾಗಲೂ ಕಪ್ಪು ಕಪ್ಪಾಗಿಯೇ ಇತ್ತು, 200ಡಿಯಲ್ಲಿ ಕಾಳುಕಾಳಾಗಿತ್ತು. ಆದರೆ ಇಲ್ಲೊಂದು ಲೆಕ್ಕವಿದೆ. ಫುಲ್ ಫ್ರೇಮ್ ಸಂವೇದಕದ ಹರವು 80ಡಿ, 200ಡಿಗಳ ಚಿಕ್ಕ ಸಂವೇದಕದ ಎರಡೂವರೆ ಪಟ್ಟು. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು; ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸನ್ನು ಪೂರ್ತಿ ಎಳೆದಾಗ ಸಿಗುವ ಎಫ್/5.6ರ ಬದಲು 50 ಎಂಎಂ ಎಫ್/1.8 ಹಾಕಿದರೆ ಒಳಬರುವ ಬೆಳಕು ಸುಮಾರು ಹತ್ತು ಪಟ್ಟು. ದುಬಾರಿ ಕ್ಯಾಮೆರಾಕ್ಕೆ ಲಕ್ಷಗಟ್ಟಲೆ ಕೊಟ್ಟು ಎರಡೂವರೆ ಪಟ್ಟು ಪಡೆಯುವುದಕ್ಕಿಂತ ಆ ಪುಟ್ಟ ಲೆನ್ಸಿಗೆ ಹಣ ಕೊಡುವುದು ಎಷ್ಟೋ ಮೇಲು. ಚಿಕ್ಕ ಸಂವೇದಕದ ಮೇಲೆ 50 ಎಂಎಂ ಲೆನ್ಸು 80 ಎಂಎಂನ ನೋಟ ಕೊಡುತ್ತದೆ; ಪ್ರೇಕ್ಷಕರ ನಡುವಿನ ಸಾಲಿನಲ್ಲಿ ನಿಂತರೆ ವೇಷ ಕಿರೀಟದಿಂದ ಗೆಜ್ಜೆಯವರೆಗೆ ಚೌಕಟ್ಟಿನೊಳಗೆ ಕೂರುತ್ತದೆ.

ಅಗ್ಗದ್ದು ಎಂದರೆ ಯಾವುದಾದರೂ ಆದೀತು ಎಂದು ನಾನು ಹೇಳುತ್ತಿಲ್ಲ. ಕೆಳಗಿನ ಮಿತಿ ಒಂದಿದೆ, ಅದರಲ್ಲಿ ನಾನು ಹಟಮಾರಿ. ಮೈಕ್ ಸಿಕ್ಕಿಸುವ ಜಾಕ್ ಇರಲೇಬೇಕು. ಕ್ಯಾನನ್ 1500ಡಿ, ನಿಕಾನ್ ಡಿ3500ಗಳಲ್ಲಿ ಅದಿಲ್ಲ. ಫೋಟೊಗೆ ಅವು ಒಳ್ಳೆಯವೇ, ಈ ಕೆಲಸಕ್ಕೆ ಬೇಡ. ವೇಷ ರಂಗಸ್ಥಳದ ಹಿಂದಿನಿಂದ ಮುಂದಕ್ಕೆ ನುಗ್ಗಿ ಬರುವಾಗ ಫೋಕಸ್ ಹಿಂಬಾಲಿಸಬೇಕು. ಕ್ಯಾನನ್ 2013ರಲ್ಲಿ 70ಡಿಯಲ್ಲಿ ತಂದ ಡ್ಯುಯಲ್ ಪಿಕ್ಸೆಲ್ ಫೋಕಸ್ ಈ ಕೆಲಸವನ್ನು ಮೆತ್ತಗೆ ಮಾಡುತ್ತದೆ. 80ಡಿ, 200ಡಿ ಎರಡರಲ್ಲೂ ಅದಿದೆ. ಅದಿಲ್ಲದ ಡಿಎಸ್ಎಲ್ಆರ್‌ಗಳು ವೀಡಿಯೊ ನಡುವೆ ಹಿಂದೆ ಮುಂದೆ ತಡಕಾಡುತ್ತವೆ. ಧ್ವನಿಯ ಮಟ್ಟವನ್ನು ಕೈಯಾರೆ ಹೊಂದಿಸುವ ಅವಕಾಶವೂ ಬೇಕು. 80ಡಿಗೆ ಹೆಚ್ಚಿನ ಹಣ ಕೊಟ್ಟದ್ದು ಅದರಲ್ಲಿ ಹೆಡ್‌ಫೋನ್ ಜಾಕ್ ಇರುವುದಕ್ಕೆ ಮತ್ತು ದೊಡ್ಡ ಬ್ಯಾಟರಿಗೆ. 200ಡಿಯ ಬ್ಯಾಟರಿ ಚಿಕ್ಕದು, ಒಂದು ಆಟಕ್ಕೆ ಹಲವು ಬೇಕು.

ಈಗ ಧ್ವನಿ. ಇದರ ಬಗ್ಗೆ ಜನ ಕೇಳುವುದು ಕಡಿಮೆ, ಹಾಳಾಗುವುದು ಇಲ್ಲಿಯೇ ಹೆಚ್ಚು. ಕ್ಯಾಮೆರಾ ಧ್ವನಿಯನ್ನು ತಾನೇ ಹೊಂದಿಸಲು ಬಿಟ್ಟರೆ ಚೆಂಡೆಯ ಪೆಟ್ಟು ಬಿದ್ದ ಕೂಡಲೇ ಮಟ್ಟವನ್ನು ತಗ್ಗಿಸುತ್ತದೆ, ಅದರ ಬೆನ್ನಿಗೇ ಬರುವ ಭಾಗವತರ ಸ್ವರ ಮುಳುಗುತ್ತದೆ, ಮತ್ತೆ ನಿಧಾನವಾಗಿ ಏರುತ್ತದೆ. ಇಡೀ ಪದ್ಯ ಉಬ್ಬಿ ಇಳಿದಂತೆ ಕೇಳಿಸುತ್ತದೆ. ಅದಕ್ಕೆ ನಾನು ಝೂಮ್ ಎಚ್1ಎನ್ ಎಂಬ ಅಂಗೈಯಗಲದ ರೆಕಾರ್ಡರ್ ಇಟ್ಟುಕೊಂಡಿದ್ದೇನೆ. ವೇಷ ಕಟ್ಟುವ ಚೌಕಿಯಲ್ಲಿ ಮೇಳದ ವ್ಯವಸ್ಥಾಪಕರಿಂದ ಚಿತ್ರೀಕರಣಕ್ಕೆ ಒಪ್ಪಿಗೆ ಪಡೆದ ಮೇಲೆ ನೇರ ಹೋಗುವುದು ಧ್ವನಿವರ್ಧಕದವರ ಬಳಿಗೆ. “ಅಣ್ಣ, ಮಿಕ್ಸರಿನಿಂದ ಒಂದು ವಯರು ಕೊಡಬಹುದೇ?” ಎಂದರೆ ಇಲ್ಲ ಎಂದವರು ಕಡಿಮೆ. ಜನರನ್ನು ಕರೆಯಲು ಆಟಕ್ಕೆ ಮುನ್ನ ಬಾರಿಸುವ ಚೆಂಡೆಯ ಅಬ್ಬರವೇ ನನ್ನ ಅಳತೆಗೋಲು. ಅದು ತಾರಕಕ್ಕೇರಿದಾಗಲೂ ರೆಕಾರ್ಡರಿನ ಮಟ್ಟಸೂಚಿ ತುದಿ ಮುಟ್ಟದಂತೆ ಇಡುತ್ತೇನೆ. ಪವರ್ ಬ್ಯಾಂಕಿಗೆ ಸಿಕ್ಕಿಸಿದ ರೆಕಾರ್ಡರ್ ಆಟದ ಕೊನೆಯ ಮಂಗಳದವರೆಗೂ ಓಡುತ್ತಿರುತ್ತದೆ. ಅದರ ಮೇಲೆ ಎರಡೂ ಕ್ಯಾಮೆರಾಗಳ ಚಿತ್ರವನ್ನು ಆಮೇಲೆ ಹೊಂದಿಸುತ್ತೇನೆ.

ಹೊಂದಿಸಲು ಚೆಂಡೆಯೇ ನೆರವು. ಅದರ ಗಟ್ಟಿ ಪೆಟ್ಟು ಸಂಕಲನದ ಪರದೆಯ ಮೇಲೆ ಚೂಪಾದ ಶಿಖರವಾಗಿ ಕಾಣುತ್ತದೆ. ಕ್ಯಾಮೆರಾದ ಧ್ವನಿಯ ಶಿಖರಕ್ಕೆ ರೆಕಾರ್ಡರಿನ ಶಿಖರವನ್ನು ಕೂಡಿಸಿದ ಮೇಲೆ ಇನ್ನೊಂದು ಸೂಕ್ಷ್ಮವಿದೆ: ರಂಗಸ್ಥಳದಿಂದ ಹದಿನೇಳು ಮೀಟರ್ ದೂರ ನಿಂತಿದ್ದರೆ ಶಬ್ದ ಕ್ಯಾಮೆರಾ ತಲುಪಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ತೆಗೆದುಕೊಳ್ಳುತ್ತದೆ. ಒಂದು ಚೌಕಟ್ಟಿನ ಅವಧಿ ಅದಕ್ಕಿಂತ ಕಡಿಮೆ. ಆದ್ದರಿಂದ ರೆಕಾರ್ಡರಿನ ಧ್ವನಿಯನ್ನು ಒಂದು ಚೌಕಟ್ಟಿನಷ್ಟು ಮುಂಚೆಗೆ ಸರಿಸಿದರೆ ತುಟಿಗೂ ಮಾತಿಗೂ ಹೊಂದಿಕೆ ಬರುತ್ತದೆ.

200ಡಿ ಇಡೀ ರಂಗಸ್ಥಳವನ್ನು ಹಿಮ್ಮೇಳ ಸಹಿತ ಕಾಣುವಂತೆ ಕಿಟ್ ಲೆನ್ಸಿನೊಂದಿಗೆ ಅಲುಗಾಡದೆ ನಿಂತಿರುತ್ತದೆ. 80ಡಿ ನನ್ನ ಕೈಯಲ್ಲಿ, ವೇಷದ ಹಿಂದೆ. ಮೊದಲನೆಯದು ಶುರುವಾದ ಕಾಲು ಗಂಟೆಯ ನಂತರ ಎರಡನೆಯದನ್ನು ಶುರು ಮಾಡುತ್ತೇನೆ. ಒಂದು ನಿಲ್ಲುವಾಗ ಇನ್ನೊಂದು ನಡುದಾರಿಯಲ್ಲಿರುತ್ತದೆ. ಮೊಬೈಲಿನ ಅಲಾರಂ ಕಂಪಿಸುತ್ತದೆ, ಬ್ಯಾಟರಿ ಬದಲಿಸಬೇಕಿದ್ದರೆ ಆಗಲೇ ಬದಲಿಸಿ ಗುಂಡಿ ಒತ್ತುತ್ತೇನೆ. ಮಾತು ಎಲ್ಲಿಯೂ ಕಡಿಯುವುದಿಲ್ಲ.

ಎರಡರಲ್ಲೂ ಒಂದೇ ಬಣ್ಣ ಬರಬೇಕು. ಬಿಳಿಯನ್ನು ಬಿಳಿಯಾಗಿ ತೋರಿಸುವ ವೈಟ್ ಬ್ಯಾಲೆನ್ಸ್ ಆಟೊದಲ್ಲಿದ್ದರೆ ಎಲ್ಇಡಿ ಬಣ್ಣ ಬದಲಿಸಿದಾಗಲೆಲ್ಲ ಮುಖದ ಬಣ್ಣಗಾರಿಕೆ ಕೆಡುತ್ತದೆ. ರಂಗಸ್ಥಳದ ಬೆಳಕಿನಲ್ಲಿ ಒಂದು ಬಿಳಿ ಪಂಚೆ ಹಿಡಿಸಿ, ಅದರ ಫೋಟೊ ತೆಗೆದು, ಎರಡು ಕ್ಯಾಮೆರಾಗಳಿಗೂ ಅದನ್ನೇ ಮಾದರಿಯಾಗಿ ಕೊಡುತ್ತೇನೆ. ಮೆನುವಿನಲ್ಲಿ ಪಾಲ್ (ನಮ್ಮ ಟಿವಿ ಪದ್ಧತಿ) ಆರಿಸಿ, ಸೆಕೆಂಡಿಗೆ 25 ಚೌಕಟ್ಟು, ಶಟರ್ 1/50 ಸೆಕೆಂಡ್ ಇಡುತ್ತೇನೆ. ನಮ್ಮ ವಿದ್ಯುತ್ತು 50 ಹರ್ಟ್ಸಿನದು. 1/60 ಇಟ್ಟರೆ ಟ್ಯೂಬ್‌ಲೈಟಿನ ಕೆಳಗೆ ಪಟ್ಟೆಗಳು ಹರಿದಾಡುತ್ತವೆ. ವೇಷದ ಬೇಗಡೆ, ಚಿನ್ನದ ಬಣ್ಣದ ಆಭರಣ ಬಿಳಿಯಾಗಿ ಸುಟ್ಟುಹೋಗದಂತೆ ಕಾಂಟ್ರಾಸ್ಟ್ ತಗ್ಗಿಸಿರುತ್ತೇನೆ.

ಬಡಗುತಿಟ್ಟಿನ ವೇಷಗಳ ಕಸೆ ಸೀರೆಯ ಚೌಕುಳಿ ಮಾತ್ರ ಇಂದಿಗೂ ಕಾಡುತ್ತದೆ. ದೂರದಿಂದ ತೆಗೆದಾಗ ಸೀರೆಯ ಮೇಲೆ ಇಲ್ಲದ ಬಣ್ಣದ ಅಲೆಗಳು ತೆವಳುತ್ತವೆ, ಅದನ್ನು ಮ್ವಾರೆ ಎನ್ನುತ್ತಾರೆ. 2008ರ 5ಡಿ ಮಾರ್ಕ್ 2ರಲ್ಲೂ ಇದು ಜೋರಾಗಿತ್ತು, 2012ರ ಮಾರ್ಕ್ 3ರಲ್ಲಿ ಬಹುಮಟ್ಟಿಗೆ ಕಡಿಮೆಯಾಯಿತು. ದುಬಾರಿ ಕ್ಯಾಮೆರಾಕ್ಕೆ ಕೊಟ್ಟ ಹಣ ನಿಜವಾಗಿ ಕಾಣುವ ಜಾಗವಿದು. ನಾನು ಇನ್ನಷ್ಟು ಹತ್ತಿರ ಹೋಗಿ, ಇಲ್ಲವೇ ಚೌಕಟ್ಟನ್ನು ಬದಲಿಸಿ ತಪ್ಪಿಸಿಕೊಳ್ಳುತ್ತೇನೆ.

ದೊಂದಿಯ ಬೆಳಕಿನಲ್ಲಿ ಆಡುವ ಆಟಕ್ಕೆ ಮಾತ್ರ ನಾನು ಇಂದಿಗೂ ಮಾರ್ಕ್ 4 ಅನ್ನೇ ಬಾಡಿಗೆಗೆ ತರುತ್ತೇನೆ. ಅಲ್ಲಿ ಎಫ್/1.8 ಲೆನ್ಸು ಒಂದೇ ಸಾಲದು. ಬೆಂಕಿ ಬಗ್ಗಿದಾಗ ಮುಖವರ್ಣಿಕೆ ಕತ್ತಲೆಗೆ ಜಾರುತ್ತದೆ. ಆಗ 85 ಎಂಎಂ ಎಫ್/1.8 ಹಾಕಿದ ಮಾರ್ಕ್ 4 ವೇಷದ ಮೇಲೆ, 80ಡಿ ಇಡೀ ರಂಗಸ್ಥಳದ ಮೇಲೆ ನಿಲ್ಲುತ್ತವೆ. ಬಾಡಿಗೆಯ ಹಣವನ್ನು ಆಟ ಆಡಿಸುವವರೊಂದಿಗೆ ಮೊದಲೇ ಮಾತಾಡಿಕೊಂಡಿರುತ್ತೇನೆ, ಮುದ್ರಿಕೆಯ ಒಂದು ಪ್ರತಿ ಮೇಳಕ್ಕೆ ಹೋಗುತ್ತದೆ.